ಪೂರ್ವದ ಮೆಟ್ಟಿಲಿನ ಅಳತೆ

ಜೂನ್ ೯

ಗುಂಡು,

ರಾತ್ರಿ ಹನ್ನೆರಡೂವರೆ. ಕೆಳಮನೆಯವರ ಹಾಲಿನ ಟ್ಯಾಂಕರ್ ಸ್ಟಾರ್ಟ್ ಆಯಿತು. ದಿನವೂ ಇದೇ ಹೊತ್ತಿಗೆ ಮೊದಲು ಕೆಮ್ಮುತ್ತದೆ, ಆಮೇಲೆ ಗುಡುಗುತ್ತದೆ, ನಮ್ಮ ಕಿಟಕಿಯ ಗಾಜು ಹಲ್ಲು ಕಡಿಯುತ್ತದೆ. ಪುಟ್ಟಿ ಮಿಸುಕಾಡುವುದಿಲ್ಲ, ಎಚ್ಚರವಾಗುವುದು ನನಗೊಬ್ಬಳಿಗೇ. ಡ್ರೈವರಣ್ಣ ನಾಲ್ಕಕ್ಕೆಲ್ಲ ನಿನ್ನ ನಗರ ಮುಟ್ಟಿ, ಹಾಲು ಇಳಿಸಿ, ಮಧ್ಯಾಹ್ನದ ಊಟಕ್ಕೆ ವಾಪಸ್ ಬಂದಿರುತ್ತಾನೆ. ಹಾಲಿಗಿರುವ ಯೋಗ ನನಗಿಲ್ಲ ನೋಡು. ಮಗು ಹುಟ್ಟಿ ಐದು ತಿಂಗಳಾಯಿತು, ಈ ಬೀದಿಯ ತುದಿ ದಾಟಿಲ್ಲ.

ಪೇಪರಿನಲ್ಲಿ ನಿನ್ನ ಫೋಟೋ ಬಂದು ನಾಲ್ಕು ದಿನವಾಯಿತು. ಮೂರು ಸಲ ಪತ್ರ ಬರೆದು ಹರಿದೆ. ಮೂರರಲ್ಲೂ ಮೊದಲ ಸಾಲಿನಲ್ಲೇ ‘ತುಂಬಾ ಸಂತೋಷವಾಯಿತು’ ಎಂದಿತ್ತು. ಓದಿದರೆ ನನಗೇ ನಂಬಿಕೆ ಬರಲಿಲ್ಲ.

ನಿಮ್ಮಮ್ಮ ಫೋಟೋ ಕತ್ತರಿಸಿ, ಪುಟ್ಟಿಯ ಬಟ್ಟೆ ಇಡುವ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾರೆ. ದಿನಕ್ಕೆ ಹನ್ನೆರಡು ಸಲ ಲಂಗೋಟಿ ತೆಗೆಯಲು ಹೋಗುತ್ತೇನೆ, ಹನ್ನೆರಡು ಸಲವೂ ನೀನು ಹಳೆಯ ಸಚಿವಾಲಯದ ಗುಮ್ಮಟದ ಮೇಲೆ ಹೆಲ್ಮೆಟ್ ಹಾಕಿಕೊಂಡು ನಗುತ್ತಿರುತ್ತೀಯ.

“ನೋಡಮ್ಮ, ನನ್ನ ಮಗಳು ಎಲ್ಲಿ ನಿಂತಿದಾಳೆ” ಅಂದರು ಅತ್ತೆ.

“ಹೂಂ ಅತ್ತೆ.”

“ನೀನೂ ಅದನ್ನೇ ಓದಿದ್ದಲ್ವಾ?”

“ಹೂಂ ಅತ್ತೆ. ಒಂದೇ ಬೆಂಚು.”

“ಹೋಗ್ಲಿ ಬಿಡು. ಎತ್ತರ ಎಲ್ಲರಿಗೂ ಆಗಿಬರಲ್ಲ.”

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಸಮಾಧಾನಕ್ಕೇ ಅಂದದ್ದು. ಅದಕ್ಕೇ ಹೆಚ್ಚು ಚುಚ್ಚಿತು. ಆ ಕಟ್ಟಡದ ದುರಸ್ತಿ ನೋಡಿಕೊಳ್ಳುವ ಹುದ್ದೆಗೆ ನಾವಿಬ್ಬರೂ ಅರ್ಜಿ ಹಾಕಿದ್ದು ಅವರಿಗೆ ಗೊತ್ತಿಲ್ಲ. ಸಂದರ್ಶನದ ದಿನ ನನಗೆ ಏಳು ತಿಂಗಳು. “ಬಸ್ಸಿನ ಕುಲುಕಾಟ ಬೇಡ” ಎಂದು ನಿನ್ನ ಅಣ್ಣ ಅಂದರು, ನಾನೂ ಬೇಡ ಅಂದುಕೊಂಡೆ. ನೀನು ಹೋದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಯಾರನ್ನಾದರೂ ಬೈಯಲು ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ನಿದ್ದೆ ಬರುತ್ತಿತ್ತೋ ಏನೋ.

ನೀನು ನನ್ನ ನಾದಿನಿ ಆಗುವ ಎಷ್ಟೋ ಮೊದಲು ನನ್ನ ಜೋಡಿ. ಎಂಟು ವರ್ಷದ ಹಿಂದೆ ಅದೇ ಕಟ್ಟಡವನ್ನು ಮೂರು ತಿಂಗಳು ಅಳೆದೆವಲ್ಲ. ಟೇಪು ನನ್ನ ಕೈಯಲ್ಲಿ, ತೂಗುಗುಂಡು ನಿನ್ನ ಕೈಯಲ್ಲಿ, ಕೊನೆಗೆ ಕಾಲೇಜಿಗೆಲ್ಲ ನಾವು ಟೇಪು, ಗುಂಡು ಆಗಿಬಿಟ್ಟೆವು. ಒಬ್ಬಳು ಅಳತೆ ಕೂಗಬೇಕು, ಇನ್ನೊಬ್ಬಳು ಅದನ್ನು ತಿರುಗಿ ಹೇಳಬೇಕು, ಆಮೇಲೆ ಬರೆಯಬೇಕು. ತಿರುಗಿ ಹೇಳದ ಅಳತೆ ಅಳತೆಯೇ ಅಲ್ಲ. ಮುಖಮಂಟಪದ ಹನ್ನೆರಡು ಕಂಬಗಳ ಸುತ್ತಳತೆ ನನಗೆ ಈಗಲೂ ಬಾಯಿಪಾಠ. ಪುಟ್ಟಿಯನ್ನು ಮಲಗಿಸುವಾಗ ಅದನ್ನೇ ಜೋಗುಳದ ಹಾಗೆ ಹೇಳುತ್ತೇನೆ. ಒಂಬತ್ತನೆಯ ಕಂಬಕ್ಕೆ ನಿದ್ದೆ ಹೋಗುತ್ತಾಳೆ.

ಗುಮ್ಮಟದ ಮೇಲೆ ಗಾಳಿ ಜೋರಾಗಿರುತ್ತದಾ?

ಟೇಪು


ಜೂನ್ ೨೧

ಅತ್ತಿಗೆ ಮಹಾರಾಣಿಯವರ ಪಾದಕ್ಕೆ,

ಗಾಳಿ ಜೋರಾಗಿರುತ್ತದೆ. ಹೆಲ್ಮೆಟ್ ಫೋಟೋಗ್ರಾಫರನದು. ನಗು ಭಯದ್ದು.

ನೀನು ಹರಿದು ಹಾಕಿದ ಮೂರು ಪತ್ರವನ್ನೂ ಓದಿದಷ್ಟೇ ಆಯಿತು, ನಿನ್ನನ್ನು ನಾನು ಅರಿಯದವಳಾ? ಹೊಟ್ಟೆಕಿಚ್ಚು ಪಟ್ಟುಕೋ, ಪರವಾಗಿಲ್ಲ. ನಾನು ಇಲ್ಲಿ ಹಾಸ್ಟೆಲಿನಲ್ಲಿ ಗೋಡೆಗೆ ಮುಖ ಹಾಕಿ ಒಬ್ಬಳೇ ಉಣ್ಣುವಾಗ ನಿಮ್ಮ ಮನೆಯ ಗದ್ದಲ ನೆನೆದು ಏನು ಪಡುತ್ತೇನೆ ಎಂದು ನೀನು ಕೇಳಿಲ್ಲ. ರಾತ್ರಿ ಒಂಬತ್ತಕ್ಕೆ ಮೇಟ್ರನ್ ಫೋನಿಗೆ ಬೀಗ ಹಾಕುತ್ತಾರೆ. ಮನೆಗೆ ಮಾತಾಡಬೇಕೆಂದರೆ ಮೂಲೆಯ ಔಷಧಿ ಅಂಗಡಿಗೆ ಹೋಗಬೇಕು, ಅದೊಂದು ಮಾತ್ರ ರಾತ್ರಿಯಿಡೀ ತೆರೆದಿರುತ್ತದೆ. ತಲೆನೋವಿನ ಮಾತ್ರೆ ಕೊಳ್ಳುವವರ ಸಾಲಿನಲ್ಲಿ ನಿಂತು ‘ಅಮ್ಮಾ, ಊಟ ಆಯ್ತಾ’ ಎಂದು ಕೂಗಬೇಕು.

ಕೆಲಸದ ಮಾತು. ಈ ಕಟ್ಟಡದ ಮೂಲ ನಕ್ಷೆಗಳು ಎಲ್ಲೂ ಇಲ್ಲ. ಇಲಾಖೆಯಲ್ಲಿ ಇರುವುದು ಒಂದೇ, ಆಗ ನಾವಿಬ್ಬರು ಅಳೆದು ಬರೆದ ಚಿತ್ರ. ಬಹುಮಾನ ಬಂತಲ್ಲ, ಚೌಕಟ್ಟು ಹಾಕಿಸಿ ಮುಖ್ಯ ಎಂಜಿನಿಯರ್ ಕೋಣೆಯಲ್ಲಿ ತೂಗುಹಾಕಿದ್ದಾರೆ. ಎಲ್ಲರೂ ಅದನ್ನೇ ಪಂಚಾಂಗದ ಹಾಗೆ ನೋಡುತ್ತಾರೆ. ನಾವು ಅಳತೆ ಬರೆದುಕೊಂಡ ನೀಲಿ ರಟ್ಟಿನ ಪುಸ್ತಕ ನಿನ್ನ ಹತ್ತಿರವೇ ಉಳಿದಿತ್ತು. ಕಳಿಸು. ನೋಡಿಕೊಂಡು ವಾಪಸ್ ಕೊಡುತ್ತೇನೆ.

ಪುಟ್ಟಿಗೆ ಮುತ್ತು. ಅವಳ ಹೆಬ್ಬೆರಳು ನಮ್ಮಪ್ಪನದೇ, ಅನುಮಾನವಿಲ್ಲ.

ಗುಂಡು


ಜುಲೈ ೩

ಗುಂಡು,

ಆ ಪುಸ್ತಕ ಸಿಗಲಿಲ್ಲ. ಟ್ರಂಕು, ಅಟ್ಟ, ಹಳೆಯ ಪೇಪರಿನ ಕಟ್ಟು, ಎಲ್ಲ ನೋಡಿದೆ. ಮನೆ ಬದಲಾಯಿಸುವಾಗ ಹೋಗಿರಬೇಕು. ಗೆದ್ದಲು ತಿಂದಿದ್ದರೂ ತಿಂದಿರಬಹುದು.

ನಿನ್ನೆ ನಿನ್ನ ಅಣ್ಣನ ಕಾಲೇಜಿನ ಮೇಷ್ಟ್ರುಗಳು ಇಬ್ಬರು ಮನೆಗೆ ಬಂದಿದ್ದರು. ಕೂತ ಕೂಡಲೇ ನಿನ್ನ ಸುದ್ದಿ. “ನಮ್ಮ ತಂಗಿ ಹೇಳ್ತಿದ್ದಳು, ಆ ಕಟ್ಟಡ ಕಟ್ಟಿದವರು ಇಬ್ಬರು ಎಂಜಿನಿಯರುಗಳಂತೆ” ಎಂದು ನಿನ್ನ ಅಣ್ಣ ಶುರು ಮಾಡಿದರು. ನಾನು ಚಹಾ ತಂದಿಟ್ಟೆ. “ಮೊದಲನೆಯವನು ಪಶ್ಚಿಮದ ರೆಕ್ಕೆಯನ್ನೂ ಗುಮ್ಮಟವನ್ನೂ ಕಟ್ಟಿ, ಮೇಲಿನವರ ಜೊತೆ ಜಗಳ ಆಡಿಕೊಂಡು ಬಿಟ್ಟು ಹೋದನಂತೆ. ಎರಡನೆಯವನು ಬಂದು ಪೂರ್ವದ ರೆಕ್ಕೆ ಮುಗಿಸಿದನಂತೆ. ಎದುರಿನಿಂದ ನೋಡಿದರೆ ಕೂದಲೆಳೆ ವ್ಯತ್ಯಾಸ ಇಲ್ಲವಂತೆ.” ಅಂತೆ, ಅಂತೆ, ಅಂತೆ. ಅದನ್ನು ಸರ್ಕಾರಿ ಗ್ರಂಥಾಲಯದ ಧೂಳಿನಲ್ಲಿ ಕೂತು ಹುಡುಕಿದ್ದು ನಾನು, ಗುಂಡು. ನೀನು ಆಗ ಕ್ಯಾಂಟೀನಿನಲ್ಲಿದ್ದೆ. ಉದ್ಘಾಟನೆಯ ದಿನ ಮೊದಲೇ ನಿಗದಿಯಾಗಿಬಿಟ್ಟಿತ್ತು, ಎರಡನೆಯವನಿಗೆ ಸಿಕ್ಕಿದ್ದು ಹನ್ನೊಂದೇ ತಿಂಗಳು ಎಂದು ಬಾಯಿ ತೆರೆಯುವಷ್ಟರಲ್ಲಿ ಪುಟ್ಟಿ ಅತ್ತಳು. ಒಳಗೆ ಹೋದೆ. ಎತ್ತಿಕೊಂಡು ಬರುವಷ್ಟರಲ್ಲಿ ಮಾತು ಪರೀಕ್ಷೆಯ ಪೇಪರುಗಳ ಕಡೆ ಹೋಗಿತ್ತು.

“ನಿಮಗೆ ಇದರಲ್ಲೆಲ್ಲ ಆಸಕ್ತಿ ಉಂಟಾ?” ಎಂದು ಒಬ್ಬರು ಕೇಳಿದರು.

“ಇತ್ತು” ಅಂದೆ.

ಪುಸ್ತಕ ಸಿಕ್ಕರೆ ಕಳಿಸುತ್ತೇನೆ.

ಟೇಪು


ಆಗಸ್ಟ್ ೧೬

ಲೇ ಟೇಪು,

ಸುದ್ದಿ ಕೇಳು. ಕೆಲಸ ಮುಗಿದ ಮೇಲೆ ಮುಖಮಂಟಪದಲ್ಲಿ ಕಟ್ಟಡದ ಚರಿತ್ರೆಯ ಫಲಕ ಹಾಕುತ್ತಿದ್ದೇವೆ. ಆಳೆತ್ತರ. ಅದರಲ್ಲಿ ನಮ್ಮ ಚಿತ್ರವನ್ನು ದೊಡ್ಡದು ಮಾಡಿ ಹಾಕಬೇಕೆಂದು ಹಟ ಹಿಡಿದು ಒಪ್ಪಿಸಿದ್ದೇನೆ. ಯಾವ ಚಿತ್ರ ಗೊತ್ತಾ? ಪೂರ್ವದ ಮೆಟ್ಟಿಲು. ಅದನ್ನು ನೀನೊಬ್ಬಳೇ ಮಾಡಿದ್ದು, ನನಗೆ ಆಗ ಕಣ್ಣುಬೇನೆ. ಆದ್ದರಿಂದ ಅದರ ಕೆಳಗೆ ನಿನ್ನೊಬ್ಬಳ ಹೆಸರು. ಬಹುಮಾನ ಪತ್ರದಲ್ಲಿ ನನ್ನ ಹೆಸರು ಮೊದಲು ಬಂತೆಂದು ನೀನು ಒಂದು ವಾರ ನನ್ನ ಜೊತೆ ಊಟಕ್ಕೆ ಬರಲಿಲ್ಲ, ಮರೆತಿಲ್ಲ ನಾನು.

ನಿಜ ಹೇಳಲಾ? ನಿನ್ನೆ ಭೂತಗನ್ನಡಿ ಹಿಡಿದು ನೋಡಿದೆ. ಪಶ್ಚಿಮದ ಮೆಟ್ಟಿಲಿಗೂ ಪೂರ್ವದ್ದಕ್ಕೂ ಎರಡು ಕಡೆ ಕಾಲಂಗುಲ ವ್ಯತ್ಯಾಸ, ಅದನ್ನೂ ಬಿಡದೆ ಹಿಡಿದಿದ್ದೀಯ. ಈಗಿನ ಹುಡುಗರು ಒಂದು ಕಡೆ ಅಳೆದು ಇನ್ನೊಂದು ಕಡೆ ಹಾಗೇ ಇರುತ್ತದೆ ಬಿಡಿ ಅನ್ನುತ್ತಾರೆ. ನಿನ್ನ ಚಿತ್ರ ತೋರಿಸಿ ಬೈಯುತ್ತೇನೆ. ನನಗೆ ಗುಮ್ಮಟ ಹತ್ತುವ ಧೈರ್ಯ ಇರಬಹುದು, ಆ ಕೈ ನನಗೆ ಯಾವತ್ತೂ ಬರಲಿಲ್ಲ.

ಆ ಮೆಟ್ಟಿಲಿರುವ ಪೂರ್ವದ ಕೋಣೆಗೆ ಇನ್ನೂ ಅರಗಿನ ಮುದ್ರೆ ಇದೆ. ಹಳೆಯ ದಾಖಲೆ ಸಾಗಿಸಲು ಅಪ್ಪಣೆ ಬಂದ ಮೇಲೆ ಒಡೆಯುತ್ತೇವೆ. ಅವತ್ತು ಅಳೆಯಲು ನಿನ್ನನ್ನು ಹೇಗೆ ಒಳಗೆ ಬಿಟ್ಟರು? ಗುಮಾಸ್ತರಿಗೆ ಏನು ಮಂಕುಬೂದಿ ಎರಚಿದೆ?

ಗುಂಡು


ಆಗಸ್ಟ್ ೨೬

ಗುಂಡು,

ನಿನ್ನ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಫಲಕದ ವಿಷಯ ಎರಡು ಸಲ ಓದಿದೆ. “ನಿನ್ನ ಹೆಸರಾ? ಕಲ್ಲಿನಲ್ಲಾ?” ಎಂದು ಕೇಳಿದರು. ಕಲ್ಲಿನಲ್ಲಲ್ಲ, ತಗಡಿನ ಮೇಲೆ ಎಂದೆ. “ಆಗಲಿ, ತಗಡೇನು ಕಡಿಮೆಯಾ?” ಅಂದವರೇ ಮಧ್ಯಾಹ್ನ ಕೆಳಮನೆಗೆ ಹೋಗಿ ಹೇಳಿ ಬಂದರು. ಸಂಜೆ ಡ್ರೈವರಣ್ಣ ಮೆಟ್ಟಿಲ ಬಳಿ ನಿಲ್ಲಿಸಿ, “ಅಕ್ಕಾ, ಆ ದೊಡ್ಡ ಕಟ್ಟಡದ ಮುಂದೇನೇ ದಿನಾ ಹೋಗ್ತೀನಿ, ನಿಮ್ಮದು ಅಂತ ಗೊತ್ತೇ ಇರಲಿಲ್ಲ” ಅಂದ. ನಿನ್ನ ಅಣ್ಣ ರಾತ್ರಿ ಪಾತ್ರೆ ತೊಳೆದರು. ಎಷ್ಟು ದಿನವಾಗಿತ್ತು ಗೊತ್ತಾ, ಈ ಮನೆಯಲ್ಲಿ ಯಾರಾದರೂ ಪುಟ್ಟಿಯಿಂದ ಕಣ್ಣೆತ್ತಿ ನನ್ನ ಮುಖ ನೋಡಿ.

ಅಕ್ಷರ ಎಷ್ಟು ದೊಡ್ಡದಿರುತ್ತದೆ? ನನ್ನ ಹೆಸರಿನ ಹಿಂದೆ ಪದವಿಯನ್ನೂ ಹಾಕಿಸುತ್ತೀಯಾ?

ಒಂದು ಮಾತು. ಮುದ್ರೆ ಒಡೆದ ಮೇಲೆ ನೀನೂ ಒಮ್ಮೆ ಟೇಪು ಹಿಡಿದು ನೋಡಿಬಿಡು. ಎಂಟು ವರ್ಷವಾಯಿತು. ದೊಡ್ಡ ಅಧಿಕಾರಿಯಾಗಿದ್ದೀಯ, ಬೇರೆಯವರ ಕೈಯನ್ನು ನಂಬಿಕೊಂಡು ಕೂರಬಾರದು.

ಗುಮಾಸ್ತರ ವಿಷಯ ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಪುಟ್ಟಿಗೆ ಎರಡು ಹಲ್ಲು ಬಂದಿವೆ, ಒಂದು ಸೊಟ್ಟ.

ಟೇಪು


ನವೆಂಬರ್ ೧೪

ಟೇಪು,

ಎರಡೂವರೆ ತಿಂಗಳು ಬರೆಯಲಿಲ್ಲ, ಬೈಯಬೇಡ. ಉಸಿರಾಡಲು ಪುರಸೊತ್ತಿಲ್ಲ. ಸಚಿವರು ಹದಿನೆಂಟರಂದು ಹತ್ತು ಗಂಟೆಗೆ ಕೆಲಸ ನೋಡಲು ಬರುತ್ತಾರೆ. ಅಮ್ಮನಿಗೆ ಫೋನಿನಲ್ಲೇ ಬರಹೇಳಿದ್ದೇನೆ, ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ. ನೀನೂ ಬಂದಿದ್ದರೆ.

ಪೂರ್ವದ ಕೋಣೆಯ ಮುದ್ರೆ ಅಂತೂ ಒಡೆದೆವು. ಒಳಗೆ ಏನಿದೆ ಹೇಳು? ಮೆಟ್ಟಿಲು ತಿರುಗುವ ನಡುವಿನ ಕಟ್ಟೆಯ ಅಡಿಗೆ ಸರಿಯಾಗಿ ಒಂದು ಇಟ್ಟಿಗೆ ಗೋಡೆ. ನಿನ್ನ ಚಿತ್ರದಲ್ಲಿ ಇಲ್ಲ, ಅಂದರೆ ನೀನು ಅಳೆದ ಮೇಲೆ ಯಾರೋ ಕಟ್ಟಿದ್ದಾರೆ. ಕಡತ ತುಂಬಿಡಲು ಅಡ್ಡಗೋಡೆ ಬೇಕಾಗಿತ್ತೇನೋ, ಈ ಗುಮಾಸ್ತರಿಗೆ ಕಟ್ಟಡವೆಂದರೆ ಕಪಾಟು. ಮೇಸ್ತ್ರಿ ಒಂದಿಷ್ಟು ಗೊಣಗಿದ. “ಅಮ್ಮಾ, ಇದು ಹಳೇ ಕೈ ಕೆಲಸ, ಗಾರೆ ನೋಡಿ” ಅಂದ. “ಹಳೇ ಇಟ್ಟಿಗೆ ತಂದು ಕಟ್ಟಿರ್ತಾರೆ ಮೇಸ್ತ್ರಿ. ಇಲ್ಲಿ ನೋಡು, ನಮ್ಮತ್ತಿಗೆ ಅಳೆದಿದ್ದು, ಕಾಲಂಗುಲ ಬಿಡೋಳಲ್ಲ” ಎಂದು ಚಿತ್ರ ತೋರಿಸಿದೆ. ಬಾಯಿ ಮುಚ್ಚಿದ. ಇತ್ತೀಚಿನ ಸೇರ್ಪಡೆ ಎಂದು ಕಡತದಲ್ಲಿ ಬರೆದು, ನಿನ್ನ ಚಿತ್ರ ಲಗತ್ತಿಸಿ ಕಳಿಸಿದೆ. ಎರಡೇ ದಿನದಲ್ಲಿ ಸಹಿಯಾಗಿ ಬಂತು.

ಹದಿನೆಂಟರ ಬೆಳಿಗ್ಗೆ ಆರಕ್ಕೆ ಒಡೆಯಲು ಶುರು. ಮೊದಲ ಏಟು ನಾನೇ ಹಾಕುತ್ತೇನೆಂದು ಹುಡುಗರಿಗೆ ಹೇಳಿದ್ದೇನೆ. ಹತ್ತು ಗಂಟೆಗೆ ಸಚಿವರು ಬರುವಷ್ಟರಲ್ಲಿ ಮೆಟ್ಟಿಲು ನೀನು ಬರೆದ ಹಾಗೇ, ಗೋಡೆಯಿಂದ ಚಾಚಿಕೊಂಡು ಗಾಳಿಯಲ್ಲಿ ನಿಂತಿರಬೇಕು.

ಅಂದ ಹಾಗೆ, ನಾನೂ ಟೇಪು ಹಿಡಿದು ನೋಡಬೇಕು ಎಂದು ಕುಟುಕಿದ್ದೆಯಲ್ಲ. ನೋಡಲಿಲ್ಲ. ನನ್ನ ಟೇಪಿಗಿಂತ ನಿನ್ನ ಮೇಲೆ ನಂಬಿಕೆ ಜಾಸ್ತಿ, ಏನೀಗ?

ಗುಂಡು


ನವೆಂಬರ್ ೧೭

ಗುಂಡು,

ಹನ್ನೊಂದೂ ಹತ್ತು. ಇವತ್ತು ಟ್ಯಾಂಕರ್ ನನ್ನನ್ನು ಎಬ್ಬಿಸಬೇಕಾಗಿಲ್ಲ, ನಾನೇ ಅದಕ್ಕೆ ಕಾಯುತ್ತಿದ್ದೇನೆ. ಈ ಪತ್ರವನ್ನು ಡ್ರೈವರಣ್ಣ ನಾಲ್ಕಕ್ಕೆ ನಿನ್ನ ಹಾಸ್ಟೆಲಿಗೆ ತಂದು ಬಾಗಿಲು ಬಡಿಯುತ್ತಾನೆ. ಮೇಟ್ರನ್ ಬೈದರೂ ನಿನ್ನ ಕೈಗೇ ಕೊಡದೆ ಹೋಗುವುದಿಲ್ಲ ಎಂದು ಅವನ ಹೆಂಡತಿಯ ಎದುರಿಗೆ ಮಾತು ತೆಗೆದುಕೊಂಡಿದ್ದೇನೆ.

ಮೊದಲು ಮುಖ್ಯವಾದದ್ದು. ಆ ಗೋಡೆ ಒಡೆಯಬೇಡ. ಅದು ಮೊದಲಿನಿಂದಲೂ ಇದೆ. ಮೆಟ್ಟಿಲು ನಿಂತಿರುವುದೇ ಅದರ ಮೇಲೆ.

ನಾನು ಆ ಕೋಣೆಯೊಳಗೆ ಕಾಲಿಟ್ಟಿಲ್ಲ, ಗುಂಡು.

ಚಿತ್ರ ಒಪ್ಪಿಸಲು ಮೂರು ದಿನ ಇತ್ತು. ನಿನಗೆ ಕಣ್ಣುಬೇನೆ. ಗುಮಾಸ್ತರು ಬಾಗಿಲಿನ ಅರಗನ್ನು ತೋರಿಸಿ, “ಸೀಲ್ ಆಗಿದೆ ತಾಯಿ, ನನ್ನ ಕೆಲಸ ಹೋಗುತ್ತೆ” ಅಂದರು. ನಾನು ಅಳುವ ಹಾಗಾದೆ. ಪಾಪ, ಅವರೇ ನೀರು ಕೊಟ್ಟು ಕೂರಿಸಿದರು. “ಒಳಗೇನಿದೆ ಅಂತ ನೋಡ್ತೀರಾ? ಆ ಕಡೆಯದೆಲ್ಲ ಗಡಿಬಿಡಿಯಲ್ಲಿ ಕಟ್ಟಿದ್ದು. ಹೊರಗೆ ಕಲ್ಲು, ಒಳಗೆ ಇಟ್ಟಿಗೆ. ಕಟ್ಟೋವಾಗಲೇ ಮೆಟ್ಟಿಲು ಜಗ್ಗಿತಂತೆ. ಕೆಳಗೊಂದು ಗೋಡೆ ಆನಿಸಿಕೊಟ್ಟು ಸುಮ್ಮನಾಗಿದಾರೆ. ನಮ್ಮಪ್ಪ ಇಲ್ಲೇ ಜವಾನರಾಗಿದ್ದರು, ಅದಕ್ಕೆ ಮುದುಕನ ಊರುಗೋಲು ಅಂತಿದ್ದರು.” ಇದನ್ನು ಬರೆದುಕೊಂಡೆ. ನೀಲಿ ಪುಸ್ತಕದ ಅಂಚಿನಲ್ಲಿ, ಪೆನ್ಸಿಲಿನಲ್ಲಿ.

ಆಮೇಲೆ ಮನೆಗೆ ಬಂದು ಪಶ್ಚಿಮದ ಮೆಟ್ಟಿಲಿನ ಟ್ರೇಸಿಂಗ್ ಹಾಳೆಯನ್ನು ಮಗುಚಿ ಹಾಕಿ, ಗೆರೆಯ ಮೇಲೆ ಗೆರೆ ಎಳೆದೆ. ಊರುಗೋಲಿಗೆ ಅಳತೆ ಇರಲಿಲ್ಲವಲ್ಲ, ಅದನ್ನು ಬಿಟ್ಟೆ. ಅನುಮಾನ ಬರದಿರಲಿ ಎಂದು ಎರಡು ಕಡೆ ಕಾಲಂಗುಲ ಬದಲಾಯಿಸಿದೆ. ನೀನು ಭೂತಗನ್ನಡಿ ಹಿಡಿದು ಮೆಚ್ಚಿದ್ದು ಅದನ್ನೇ. ಆ ಒಂದು ಹಾಳೆಯ ಅಳತೆ ನಾನು ಕೂಗಿಲ್ಲ, ನೀನು ತಿರುಗಿ ಹೇಳಿಲ್ಲ.

ಪುಸ್ತಕ ಕಳೆದಿಲ್ಲ. ಗೆದ್ದಲೂ ತಿಂದಿಲ್ಲ. ಜೂನಿನಲ್ಲಿ ನೀನು ಕೇಳಿದಾಗ ಅದು ನನ್ನ ಹಾಸಿಗೆಯಡಿಯೇ ಇತ್ತು. ಕಳಿಸಿದರೆ ನನ್ನ ಕಳ್ಳತನ ತಿಳಿಯುತ್ತದೆ ಎಂಬ ಹೆದರಿಕೆ ಅರ್ಧ. ಇನ್ನರ್ಧ, ಎಲ್ಲ ನಿನಗೇ ಹೋಯಿತಲ್ಲ, ಈ ಪುಸ್ತಕವಾದರೂ ನನ್ನದಾಗಿರಲಿ ಎಂದು. ನಿನಗೆ ಒಂದು ಸಣ್ಣ ತಪ್ಪಾಗಲಿ, ಯಾರಾದರೂ ಎತ್ತಿ ತೋರಿಸಲಿ, ಕಪಾಟಿನ ಮೇಲಿನ ಆ ಫೋಟೋ ಒಂದಿಷ್ಟು ಮಂಕಾಗಲಿ ಎಂದು ಎಷ್ಟು ಸಲ ಅಂದುಕೊಂಡೆನೋ. ಆಗಸ್ಟಿನಲ್ಲಿ ಹೇಳಿಬಿಡಬೇಕೆಂದು ಕೂತೆ. ಫಲಕದಲ್ಲಿ ಹೆಸರು ಎಂದು ನೀನು ಬರೆದಿದ್ದೆ. ಪೆನ್ನು ಅಕ್ಷರದ ಅಳತೆ ಕೇಳಿತು.

ಇನ್ನೊಂದು ಬರೆಯಬೇಕು. ಬರೆಯದಿದ್ದರೆ ಈ ಪತ್ರವೂ ಮಗುಚಿ ಹಾಕಿದ ಹಾಳೆಯೇ.

ನಿನ್ನ ಪತ್ರ ನನ್ನ ಕೈಗೆ ಬಂದದ್ದು ಇವತ್ತು ಸಂಜೆ ಐದಕ್ಕೆ. ಓದಿದೆ. ಗೋಡೆ ಏನೆಂದು ಓದುತ್ತಲೇ ತಿಳಿಯಿತು. ನಾನು ನಿನ್ನ ಹಾಸ್ಟೆಲಿಗೆ ಫೋನ್ ಮಾಡಿದ್ದು ಎಂಟೂ ಮುಕ್ಕಾಲಿಗೆ. ನಡುವೆ ಏನು ಮಾಡಿದೆ? ಬಟ್ಟೆ ಮಡಚಿದೆ. ಪುಟ್ಟಿಗೆ ಉಣ್ಣಿಸಿದೆ. ಇಡೀ ಕಟ್ಟಡದಲ್ಲಿ ಯಾರೋ ಒಬ್ಬ ಎಂಜಿನಿಯರ್‌ಗಾದರೂ ಗೊತ್ತಾಗದೆ ಇರುತ್ತದೆಯೇ ಅಂದುಕೊಂಡೆ. ಮೇಸ್ತ್ರಿ ಬಿಡುವುದಿಲ್ಲ ಅಂದುಕೊಂಡೆ. ಮೇಸ್ತ್ರಿಯ ಬಾಯಿ ಮುಚ್ಚಿಸಿದ್ದು ನನ್ನ ಚಿತ್ರವೇ ಎಂಬುದು ನಾಲ್ಕನೆಯ ಸಲ ಓದುವಾಗ ಎದೆಗೆ ತಾಕಿತು.

“ಇನ್ನೂ ಬಂದಿಲ್ಲ. ಏನು ಹೇಳ್ಬೇಕು?” ಎಂದರು ಮೇಟ್ರನ್.

“ಏನಿಲ್ಲ. ಅತ್ತಿಗೆ ಫೋನ್ ಮಾಡಿದ್ದರು ಅನ್ನಿ” ಅಂದೆ.

ಏನಿಲ್ಲ ಅಂದೆ, ಗುಂಡು. ಫೋನ್ ಇಟ್ಟು ನಿನ್ನ ಪತ್ರವನ್ನು ಇನ್ನೊಮ್ಮೆ ಓದಿದೆ. ತಿರುಗಿ ಮಾಡುವಷ್ಟರಲ್ಲಿ ಒಂಬತ್ತಾಗಿತ್ತು. ಬೀಗದೊಳಗೆ ಅದು ಹೊಡೆದುಕೊಳ್ಳುತ್ತಲೇ ಇದೆ, ಎತ್ತುವವರಿಲ್ಲ. ಸಚಿವಾಲಯದ ಕಚೇರಿಗೆ ಹನ್ನೊಂದು ಸಲ ಮಾಡಿದೆ, ಅಲ್ಲೂ ಯಾರೂ ಎತ್ತಲಿಲ್ಲ. ಔಷಧಿ ಅಂಗಡಿಯ ನಂಬರು ನನಗೆ ಗೊತ್ತಿಲ್ಲ. ನಿನ್ನ ಅಣ್ಣ ಪರೀಕ್ಷೆಯ ಕೆಲಸಕ್ಕೆ ಪರ ಊರಿಗೆ ಹೋಗಿದ್ದಾರೆ, ಅವರ ವಸತಿಯಲ್ಲಿ ಫೋನಿಲ್ಲ. ಅತ್ತೆ ಮಧ್ಯಾಹ್ನದ ಬಸ್ಸಿಗೇ ಹೊರಟರು, ಫೋನಿಲ್ಲದ ನಿನ್ನ ಚಿಕ್ಕಪ್ಪನ ಮನೆಯಲ್ಲಿ ಉಳಿದು ಬೆಳಿಗ್ಗೆ ಅಲ್ಲಿಗೆ ಬರುತ್ತಾರೆ. ಹೊರಡುವಾಗ ನನ್ನ ಕೆನ್ನೆ ಸವರಿ, “ನಿನ್ನ ಹೆಸರು ಎಲ್ಲಿ ಬರೀತಾರೆ ಅಂತ ನೋಡ್ಕೊಂಡು ಬರ್ತೀನಿ” ಅಂದರು. ಟ್ಯಾಂಕರಿನಲ್ಲಿ ನಾನೇ ಹತ್ತಿ ಬಂದುಬಿಡುತ್ತಿದ್ದೆ. ಪುಟ್ಟಿಯ ಮೈ ಸುಡುತ್ತಿದೆ, ಎರಡು ಗಂಟೆಗೊಮ್ಮೆ ಔಷಧಿ.

ನೀಲಿ ಪುಸ್ತಕ ಈ ಪತ್ರದ ಜೊತೆಗಿದೆ. ನಲವತ್ತೊಂದನೆಯ ಪುಟದಲ್ಲಿ ಗುಮಾಸ್ತರ ಮಾತು ಇದೆ. ಅದೇ ಪುಟದಲ್ಲಿ ಮೆಟ್ಟಿಲಿನ ಅಳತೆ ಬರೆಯಬೇಕಾದ ಜಾಗ ಖಾಲಿ ಇದೆ. ಮುಖ್ಯ ಎಂಜಿನಿಯರಿಗೆ ತೋರಿಸು. ಫಲಕದಿಂದ ನನ್ನ ಹೆಸರು ತೆಗೆಸು, ಬಹುಮಾನದಿಂದಲೂ ತೆಗೆಸು. ನಿನಗೆ ಗೊತ್ತಿರಲಿಲ್ಲ ಎಂದು ಎಲ್ಲಿ ಬೇಕಾದರೂ ಬರೆದು ಸಹಿ ಹಾಕುತ್ತೇನೆ. ನಿನ್ನ ಅಣ್ಣನಿಗೂ ಅತ್ತೆಗೂ ನಾನೇ ಹೇಳುತ್ತೇನೆ.

ಮೊದಲ ಏಟು ನಾನೇ ಹಾಕುತ್ತೇನೆ ಎಂದಿದ್ದೀಯ. ನಿನ್ನ ತಲೆಯ ಮೇಲೆ ಇಪ್ಪತ್ತೊಂದು ಕಲ್ಲಿನ ಮೆಟ್ಟಿಲು ಇರುತ್ತವೆ. ಪಶ್ಚಿಮದಲ್ಲಿ ನಡುವಿನ ಕಟ್ಟೆಯವರೆಗೆ ಅಷ್ಟಿವೆ. ಪೂರ್ವದಲ್ಲಿ ಎಷ್ಟೋ, ನನಗೆ ಗೊತ್ತಿಲ್ಲ.

ಕೆಳಗೆ ಟ್ಯಾಂಕರ್ ಕೆಮ್ಮಿತು. ಹನ್ನೆರಡೂವರೆ. ಡ್ರೈವರಣ್ಣ ಮೆಟ್ಟಿಲ ಬಳಿ ಬಂದು, “ಅಕ್ಕಾ, ಆಯ್ತಾ?” ಅನ್ನುತ್ತಿದ್ದಾನೆ.

ಈ ಕಾಗದ ನಿನ್ನ ಕೈ ಸೇರಿತು ಎಂದು ನನಗೆ ಹೇಗೆ ತಿಳಿಯಬೇಕು? ಬಟ್ಟೆ ಬದಲಾಯಿಸಬೇಡ, ಚಪ್ಪಲಿ ಹುಡುಕಬೇಡ, ಮೂಲೆಯ ಔಷಧಿ ಅಂಗಡಿಗೆ ಹೋಗು. ನಾನು ಫೋನಿನ ಪಕ್ಕದಲ್ಲೇ, ಪುಟ್ಟಿಯನ್ನು ಮಡಿಲಲ್ಲಿ ಹಾಕಿಕೊಂಡು ಕೂತಿರುತ್ತೇನೆ. ಬೈ, ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ ಬೈ. ಇನ್ನು ಮುಂದೆ ನನ್ನ ಮುಖ ನೋಡುವುದಿಲ್ಲ ಎಂದರೂ ಸರಿ. ಆದರೆ ನಮ್ಮ ಪದ್ಧತಿ ಬಿಡಬೇಡ. ನಾನು ಕೂಗುತ್ತಿದ್ದೇನೆ: ಪೂರ್ವದ ಮೆಟ್ಟಿಲು, ಕೆಳಗಿನ ಗೋಡೆ, ಮುಟ್ಟಬಾರದು. ನೀನು ತಿರುಗಿ ಹೇಳು. ಬೆಳಕು ಹರಿಯುವ ಮೊದಲು ಫೋನ್ ಮಾಡಿ, ಅದನ್ನೊಂದು ತಿರುಗಿ ಹೇಳು.

ಟೇಪು